ಅಟ್ಟದ ಮೇಲಿನ ಗಿಟಾರ್: ಮೊದಲು ನೆಕ್ ನೋಡಿ, ಹೆಸರು ಆಮೇಲೆ

ಪ್ರಶ್ನೆ: ಸರ್, ನಾನು ಬೆಳಗಾವಿಯ ಶಹಾಪುರದವನು. ಆರು ವರ್ಷದಿಂದ ಗಿಟಾರ್ ನುಡಿಸುತ್ತಿದ್ದೇನೆ. ಬಾಗಲಕೋಟೆಯ ನವನಗರದಲ್ಲಿ ನಮಗೆ ಪರಿಚಯದವರ ಮನೆಯ ಅಟ್ಟದ ಮೇಲೆ ಒಂದು ಹಳೇ ಎಲೆಕ್ಟ್ರಿಕ್ ಗಿಟಾರ್ ಇದೆ. ಅವರ ತಂದೆ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದರಂತೆ. ಹಳೇ ಊರಿನ ಮನೆ ಮುಳುಗಡೆಗೆ ಹೋದಾಗ ಸಾಮಾನಿನ ಜೊತೆ ಬಂದದ್ದು, ಆಮೇಲೆ ಯಾರೂ ಮುಟ್ಟಿಲ್ಲ. ಕಂಪನಿಯ ಹೆಸರು ಎಲ್ಲೂ ಇಲ್ಲ. 'ಅರವತ್ತರ ದಶಕದ್ದು, ಜಪಾನ್ ಮಾಲು' ಅಂತ 28,000 ರೂಪಾಯಿ ಹೇಳುತ್ತಿದ್ದಾರೆ. ತಂತಿಯ ಸದ್ದು ಹಿಡಿಯುವ ಪಿಕಪ್ ಎರಡಿವೆ, ಒಂದರಲ್ಲಿ ಸದ್ದೇ ಇಲ್ಲ. ಆಂಪ್‌ಗೆ ಹಾಕಿದರೆ ಗುಂಯ್ ಅನ್ನುತ್ತದೆ. ತಂತಿ ಭಾಳ ಎತ್ತರ, ಒತ್ತಲಿಕ್ಕೇ ಆಗುವುದಿಲ್ಲ. ಗಿಟಾರಿನ ಕತ್ತಿನ ಮೇಲೆ, ಅಂದರೆ ನೆಕ್ ಮೇಲೆ, ಅಡ್ಡ ಕೂರಿಸಿದ ಲೋಹದ ಫ್ರೆಟ್ ಮಾತ್ರ ಹೊಸದರ ಹಾಗೆ ಹೊಳೆಯುತ್ತಿವೆ. ಒಂದು ಟ್ಯೂನಿಂಗ್ ಕೀ ಮುರಿದಿದೆ, ಸ್ವರ ನಡುಗಿಸುವ ವ್ಯಾಮಿ ಕಡ್ಡಿ ಕಳೆದಿದೆ. ಮೇಲೆ ಯಾರೋ ಕೆಂಪು ಆಯಿಲ್ ಪೇಂಟ್ ಬಳಿದಿದ್ದಾರೆ. ತಗೊಳ್ಳಲಾ? ತಗೊಂಡರೆ ಹೊಸದರ ಹಾಗೆ ಮಾಡುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಎರಡು ಮಾತು. ತಂತಿ ಭಾಳ ಎತ್ತರ. ಫ್ರೆಟ್ ಹೊಸದರ ಹಾಗೆ. ಒಂದನ್ನು ನೀವು ದೋಷ ಅಂದುಕೊಂಡಿದ್ದೀರಿ, ಇನ್ನೊಂದನ್ನು ಅದೃಷ್ಟ ಅಂದುಕೊಂಡಿದ್ದೀರಿ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಆರ್ಕೆಸ್ಟ್ರಾದಲ್ಲಿ ವರ್ಷಗಟ್ಟಲೆ ದುಡಿದ ಗಿಟಾರಿನ ಫ್ರೆಟ್ ಸವೆಯದೇ ಉಳಿಯುತ್ತವಾ? ಮೊದಲ ನಾಲ್ಕೈದು ಫ್ರೆಟ್ ಮೇಲಾದರೂ ತಂತಿ ಕೂತು ಕೂತು ಸಣ್ಣ ಗೀರು ಬಿದ್ದಿರಬೇಕು. ಬಿದ್ದಿಲ್ಲ ಅಂದರೆ ಆ ತಂತಿಯನ್ನು ಯಾರೂ ಬೆರಳಿನಿಂದ ಒತ್ತಿಯೇ ಇಲ್ಲ.

ನನ್ನ ಊಹೆ ಇಷ್ಟು. ಆ ಹಿರಿಯರು ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ಎಡಗೈಯಲ್ಲಿ ಸ್ಟೀಲ್ ಬಾರ್ ಹಿಡಿದು, ತಂತಿಯ ಮೇಲೆ ಜಾರಿಸುತ್ತಾ ನುಡಿಸಿದ್ದಾರೆ. ಅಂದರೆ ಹವಾಯಿಯನ್ ಗಿಟಾರ್. ಆ ಕಾಲದಲ್ಲಿ ನಮ್ಮಲ್ಲಿ ಎಲೆಕ್ಟ್ರಿಕ್ ಗಿಟಾರ್ ಅಂದರೆ ಬಹಳ ಜನರಿಗೆ ಅದೇ. ವ್ಯಾನ್ ಶಿಪ್ಲಿ, ಹಜಾರಾ ಸಿಂಗ್ ಇವರ ರೆಕಾರ್ಡ್‌ಗಳಲ್ಲಿ ಸಿನಿಮಾ ಹಾಡು ಬರೀ ಗಿಟಾರಿನ ಮೇಲೆ ಹರಿದಾಡುತ್ತಿತ್ತು. ನಮ್ಮ ಕಡೆಯ ಆರ್ಕೆಸ್ಟ್ರಾದವರೂ ಅದನ್ನೇ ಕೇಳಿ ಕಲಿತವರು. ಹವಾಯಿಯನ್ ನುಡಿಸಲಿಕ್ಕೆ ಬೇರೆ ಗಿಟಾರೇ ಬೇಕು ಅಂತಿಲ್ಲ. ಮಾಮೂಲಿ ಗಿಟಾರಿನ ನಟ್ ಮೇಲೆ ಒಂದು ಲೋಹದ ಪಟ್ಟಿ ಕೂರಿಸಿದರೆ ತಂತಿ ಮೇಲೆದ್ದು ನಿಲ್ಲುತ್ತವೆ. ಆಗ ಬಾರ್ ಫ್ರೆಟ್‌ಗೆ ತಾಗುವುದಿಲ್ಲ.

ಹಾಗಾಗಿ ಅಲ್ಲಿಗೆ ಹೋದಾಗ ಮೊದಲು ನಟ್ ನೋಡಿ. ತಲೆಯ ಹತ್ತಿರ ತಂತಿಗಳು ಹಾದು ಬರುವ ಬಿಳಿ ಎಲುಬಿನ ಅಥವಾ ಪ್ಲಾಸ್ಟಿಕ್ಕಿನ ತುಂಡೇ ನಟ್. ಅದರ ಮೇಲೆ ಟೊಪ್ಪಿಗೆ ಹಾಗೆ ಲೋಹದ ಪಟ್ಟಿ ಕೂತಿದ್ದರೆ, ತಂತಿ ಸಡಿಲ ಮಾಡಿ ಎತ್ತಿ. ಅಂಟು ಇರುವುದಿಲ್ಲ, ಕೈಗೆ ಬರುತ್ತದೆ. ನಿಮ್ಮ 'ತಂತಿ ಎತ್ತರ'ದ ಅರ್ಧ ರೋಗ ಅಲ್ಲೇ ವಾಸಿ. ಆದರೆ ಉಳಿದರ್ಧ ನೆಕ್‌ನಲ್ಲಿ ಇರಬಹುದು. ನನ್ನ ಹೆದರಿಕೆ ಇರುವುದು ಅದರದ್ದೇ.

ಹಳೇ ಗಿಟಾರ್ ಕೊಳ್ಳುವವರು ಮೊದಲು ಹೆಸರು ಕೇಳುತ್ತಾರೆ, ಆಮೇಲೆ ಸದ್ದು ಕೇಳುತ್ತಾರೆ, ಕೊನೆಗೆ ಎಲ್ಲೋ ನೆಕ್ ಕಡೆ ಒಮ್ಮೆ ಕಣ್ಣು ಹಾಯಿಸುತ್ತಾರೆ. ಪೂರಾ ಉಲ್ಟಾ. ನೀವು ದುಡ್ಡು ಕೊಡುತ್ತಿರುವುದು ನೆಕ್‌ಗೆ. ಪಿಕಪ್ ಸತ್ತರೆ ಒಳಗಿನ ತಾಮ್ರದ ತಂತಿ ಮತ್ತೆ ಸುತ್ತಿಸಬಹುದು. ವಾಲ್ಯೂಮ್ ಗುಬ್ಬಿಯ ಕೆಳಗಿನ ಪಾಟ್, ಸ್ವಿಚ್, ಜಾಕ್ ನೂರಿನ್ನೂರು ರೂಪಾಯಿಯ ಮಾತು. ಕೀ ಬದಲಿಸಬಹುದು. ಮರ ತಿರುಚಿಕೊಂಡರೆ ಅದನ್ನು ಸರಿಮಾಡುವ ಖರ್ಚಿನಲ್ಲಿ ಬೇರೆ ಗಿಟಾರ್ ಬರುತ್ತದೆ.

ಆರು ತಂತಿಯೂ ಶ್ರುತಿಯಲ್ಲಿದ್ದಾಗ, ಹತ್ತರಿಂದ ನಲವತ್ತಾರರ ಸೆಟ್ (ತಂತಿಯ ದಪ್ಪ, ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ) ಆದರೆ, ನೆಕ್ ಮೇಲೆ ಬೀಳುವ ಎಳೆತ ಒಟ್ಟು ಸುಮಾರು 45 ಕೆಜಿ. ಹತ್ತಿರ ಹತ್ತಿರ ಒಂದು ಸಿಮೆಂಟ್ ಚೀಲ. ಹವಾಯಿಯನ್ ನುಡಿಸುವವರು ದಪ್ಪ ತಂತಿ ಹಾಕುವುದು ರೂಢಿ, ಆಗ ಎಳೆತ ಇನ್ನೂ ಜಾಸ್ತಿ. ಆ ಭಾರ ಹೊತ್ತುಕೊಂಡೇ ಅದು ಬಾಗಲಕೋಟೆಯ ಅಟ್ಟದ ಮೇಲೆ, ಬೇಸಿಗೆಯ ತಗಡಿನ ಕಾವಿನಲ್ಲಿ, ಇಷ್ಟು ವರ್ಷ ಮಲಗಿದೆ. ಅಟ್ಟಕ್ಕೆ ಏರಿಸುವಾಗ ಯಾರಾದರೂ ತಂತಿ ಸಡಿಲ ಬಿಟ್ಟಿದ್ದರೆ ನಿಮ್ಮ ಪುಣ್ಯ.

ನೆಕ್ ನೋಡುವ ರೀತಿ ಬಡಿಗೇರರು ಹಲಗೆ ನೋಡುವ ರೀತಿಯೇ. ಗಿಟಾರಿನ ತಳ ನೆಲದ ಮೇಲಿಟ್ಟು, ತಲೆ ನಿಮ್ಮ ಕಣ್ಣಿನ ಹತ್ತಿರ ತಂದು, ಒಂದು ಕಣ್ಣು ಮುಚ್ಚಿ ನೆಕ್‌ನ ಅಂಚಿನ ಗುಂಟ ನೋಡಿ. ಎಡ ಅಂಚು, ಬಲ ಅಂಚು ಎರಡೂ ಒಂದೇ ಥರ ಬಾಗಿದ್ದರೆ ಅದು ಬರೀ ಬಾಗು. ಒಂದು ಅಂಚು ನೆಟ್ಟಗಿದ್ದು ಇನ್ನೊಂದು ಬಾಗಿದ್ದರೆ ಅದು ತಿರುಚು. ಬಾಗಿಗೆ ಮದ್ದಿದೆ. ತಿರುಚಿಗೆ ಮದ್ದು ಇಲ್ಲವೆಂದೇ ಇಟ್ಟುಕೊಳ್ಳಿ. ಅನುಮಾನ ಬಂದರೆ ಎರಡು ಸ್ಟೀಲ್ ಸ್ಕೇಲ್ ತಗೊಂಡು ಒಂದನ್ನು ಮೊದಲ ಫ್ರೆಟ್ ಮೇಲೆ, ಇನ್ನೊಂದನ್ನು ಕೊನೇ ಫ್ರೆಟ್ ಹತ್ತಿರ ಅಡ್ಡ ನಿಲ್ಲಿಸಿ. ತುದಿಯಿಂದ ನೋಡಿದಾಗ ಎರಡೂ ಸ್ಕೇಲಿನ ಮೇಲಂಚು ಒಂದಕ್ಕೊಂದು ಸಮಾನಾಂತರ ಕಾಣಬೇಕು. ಒಂದು ಓರೆಯಾಗಿದ್ದರೆ ಅವರ ಮನೆಯ ಚಹಾ ಕುಡಿದು, ನಮಸ್ಕಾರ ಹೇಳಿ ಬಂದುಬಿಡಿ.

ಬಾಗು ಎಷ್ಟಿದೆ ಅಂತ ಅಳೆಯಲು ತಂತಿಯೇ ಸಾಕು. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ, ನೆಕ್ ಬಾಡಿಗೆ ಕೂಡುವ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ. ತಂತಿ ಈಗ ನೆಟ್ಟಗಿನ ಸ್ಕೇಲ್ ಆಯ್ತು. ಏಳನೇ ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಹೋಗುವಷ್ಟು, ಅಂದರೆ 0.2ರಿಂದ 0.3 ಮಿಲಿಮೀಟರ್ ಸಂದು ಇದ್ದರೆ ಒಳ್ಳೆಯದು. ಎರಡು ಮಿಲಿಮೀಟರ್ ಇದ್ದರೆ ತೊಂದರೆ.

ಆಗ ಕೇಳಬೇಕಾದ ಪ್ರಶ್ನೆ, ಒಳಗೆ ಟ್ರಸ್ ರಾಡ್ ಇದೆಯಾ? ನೆಕ್‌ನ ಒಳಗೆ ಉದ್ದಕ್ಕೆ ಹೋಗುವ ಉಕ್ಕಿನ ಸರಳು ಅದು. ತಿರುಗಿಸಿದರೆ ತಂತಿಯ ಎಳೆತಕ್ಕೆ ಎದುರಾಗಿ ನೆಕ್ ಹಿಂದಕ್ಕೆ ಬರುತ್ತದೆ. ತಲೆಯ ಮೇಲೆ ಸಣ್ಣ ಮುಚ್ಚಳದ ಕೆಳಗೋ, ನೆಕ್‌ನ ಬುಡದಲ್ಲೋ ಅದನ್ನು ತಿರುಗಿಸುವ ತಿರುಪು ಇರುತ್ತದೆ. ಅರವತ್ತರ ದಶಕದ ಅಗ್ಗದ ಜಪಾನಿ ಗಿಟಾರುಗಳ ಹಿಂದಿನ ಪ್ಲೇಟಿನ ಮೇಲೆ 'ಸ್ಟೀಲ್ ರೀಇನ್‌ಫೋರ್ಸ್ಡ್ ನೆಕ್' ಅಂತ ಇಂಗ್ಲಿಷಿನಲ್ಲಿ ಕೊರೆದಿರುತ್ತಾರೆ. ಅದನ್ನು ಓದಿ ಖುಷಿಪಡಬೇಡಿ. ಒಳಗೆ ಉಕ್ಕು ಇದೆ ಅಂತಷ್ಟೇ ಅದರ ಅರ್ಥ, ತಿರುಗಿಸುವ ಉಕ್ಕು ಅಂತಲ್ಲ. ತಿರುಗಿಸುವ ರಾಡ್ ಇಲ್ಲದೆ, ಬಾಗೂ ಜಾಸ್ತಿ ಇದ್ದರೆ, ಆ ಗಿಟಾರನ್ನು ಹವಾಯಿಯನ್ ಆಗಿಯೇ ಉಳಿಸಿಕೊಳ್ಳುವುದು ಜಾಣತನ. ಬಾರ್ ಹಿಡಿದು ನುಡಿಸುವವರಿಗೆ ನೆಕ್ ಬಾಗು ಅಷ್ಟು ತೊಂದರೆ ಕೊಡುವುದಿಲ್ಲ.

ಇನ್ನೊಂದು ಕಡೆ ಟಾರ್ಚ್ ಬಿಡಿ. ನಟ್‌ನ ಹಿಂದೆ, ತಲೆ ಶುರುವಾಗುವ ಸಂದಿನಲ್ಲಿ. ಅಲ್ಲಿ ಕೂದಲೆಳೆಯಂಥ ಗೆರೆ ಕಂಡರೆ ಅದು ಒಮ್ಮೆ ಮುರಿದು ಅಂಟಿಸಿದ ತಲೆ. ನಿಮ್ಮದಕ್ಕೆ ಕೆಂಪು ಬಣ್ಣ ಬಳಿದದ್ದು ಯಾಕೆ ಅಂತ ನನಗೆ ಆ ಅನುಮಾನವೂ ಇದೆ. ಬಣ್ಣ ನೆಕ್ ಮೇಲೂ ಇದ್ದರೆ ಜಾಸ್ತಿ ಹುಷಾರು. ಉಗುರಿನಿಂದ ಅಡ್ಡ ಎಳೆದು ನೋಡಿ, ಕಣ್ಣಿಗೆ ಕಾಣದ ಮೆಟ್ಟಿಲು ಉಗುರಿಗೆ ಸಿಗುತ್ತದೆ.

ಈಗ ಹೆಸರಿನ ವಿಷಯ. 'ಜಪಾನ್ ಮಾಲು' ಅನ್ನುವುದರಲ್ಲಿ ಸುಳ್ಳು ಇರಬೇಕಾಗಿಲ್ಲ. ಅರವತ್ತರ ದಶಕದಲ್ಲಿ ಟೀಸ್ಕೋ, ಗುಯಾಟೋನ್ ಮುಂತಾದವರು ಜಗತ್ತಿಗೆಲ್ಲ ಗಿಟಾರ್ ಕಳಿಸುತ್ತಿದ್ದರು. ಟೀಸ್ಕೋ ಶುರುವಾದದ್ದು 1946ರಲ್ಲಿ, 1967ರಲ್ಲಿ ಅದು ಕವಾಯಿ ಕಂಪನಿಯ ಕೈಗೆ ಹೋಯಿತು. ಒಂದೇ ಗಿಟಾರಿಗೆ ಹತ್ತು ಅಂಗಡಿಗಳು ಹತ್ತು ಹೆಸರು ಹಾಕಿ ಮಾರುತ್ತಿದ್ದ ಕಾಲ ಅದು. ಹಾಗಾಗಿ ಹೆಸರಿಲ್ಲದ್ದೇನೂ ವಿಶೇಷವಲ್ಲ. ಮುಂದೆ ಮಾತ್ಸುಮೋತೊ ಊರಿನ ಫುಜಿಗೆನ್ ಎಷ್ಟು ಚೆನ್ನಾಗಿ ಮಾಡತೊಡಗಿತೆಂದರೆ 1982ರಲ್ಲಿ ಅಮೆರಿಕದ ಫೆಂಡರ್ ಕಂಪನಿಯೇ ತನ್ನ ಜಪಾನಿನ ಗಿಟಾರ್‌ಗಳನ್ನು ಅಲ್ಲಿ ಮಾಡಿಸಿತು. ಆದರೆ 1965ರ ಅಗ್ಗದ ಮಾದರಿಗೂ 1982ರ ಆ ಗಿಟಾರ್‌ಗೂ ಸಂಬಂಧವಿಲ್ಲ. ಮಾರುವವರು ಎರಡನ್ನೂ ಸೇರಿಸಿ ಒಂದೇ 'ಜಪಾನ್' ಮಾಡುತ್ತಾರೆ. ಇನ್ನು ಕೋಲ್ಕತ್ತಾದ ಗಿಟಾರ್‌ಗಳೂ ನಮ್ಮ ಕಡೆ ಸಾಕಷ್ಟು ಓಡಾಡಿವೆ. ಗಿವ್ಸನ್ ಅಂತ. ಅವಸರದಲ್ಲಿ ಓದಿದರೆ ಗಿಬ್ಸನ್ ಅಂತ ಕಾಣುತ್ತದೆ, ನನಗೂ ಒಮ್ಮೆ ಹಾಗೆ ಕಂಡಿತ್ತು!

ಹುಟ್ಟಿದ ವರ್ಷ ಪತ್ತೆ ಮಾಡಬೇಕೆಂದರೆ ಮಾಲೀಕರ ಒಪ್ಪಿಗೆ ತಗೊಂಡು ನೆಕ್ ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿ. ನೆಕ್‌ನ ಬುಡದಲ್ಲಿ ಪೆನ್ಸಿಲಿನಲ್ಲೋ ರಬ್ಬರ್ ಸ್ಟ್ಯಾಂಪಿನಲ್ಲೋ ತಾರೀಕು ಇರುವುದುಂಟು. ಪಾಟ್‌ಗಳ ಬೆನ್ನಿನ ಅಂಕಿಯನ್ನೂ ಓದಿ. ಅಮೆರಿಕದ ಪಾಟ್ ಆದರೆ ಗುಟ್ಟು ಅಲ್ಲೇ ಇರುತ್ತದೆ. 1376632 ಅಂತಿದ್ದರೆ, 137 ಅಂದರೆ ಸಿಟಿಎಸ್ ಕಂಪನಿ, 66 ಅಂದರೆ 1966, 32 ಅಂದರೆ ಆ ವರ್ಷದ ಮೂವತ್ತೆರಡನೇ ವಾರ. ಪಾಟ್ ಮೂಲದ್ದೇ ಆಗಿದ್ದರೆ ಗಿಟಾರ್ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಜಪಾನಿ ಪಾಟ್‌ಗಳು ಇಷ್ಟು ನೇರವಾಗಿ ಬಾಯಿ ಬಿಡುವುದಿಲ್ಲ.

ನೆಕ್ ಬಿಚ್ಚಿದಾಗ ಒಳಗೆ ಏನು ಸಿಗುತ್ತದೋ ಅದನ್ನು ಎಸೆಯಬೇಡಿ. ಒಮ್ಮೆ ವಿಜಯಪುರದಿಂದ ಬಂದ ಗಿಟಾರೊಂದರ ನೆಕ್ ಕೆಳಗೆ ನನಗೆ ಲಗ್ನಪತ್ರಿಕೆಯ ತುಂಡು ಸಿಕ್ಕಿತು. ನಾಲ್ಕು ಮಡಿಕೆ ಮಾಡಿ, ಅಚ್ಚುಕಟ್ಟಾಗಿ ಕತ್ತರಿಸಿ, ಬುಡದ ಅಂಚಿಗೆ ಇಟ್ಟಿದ್ದರು. ಅರಿಶಿನ ಹಚ್ಚಿದ ಮೂಲೆ ಇನ್ನೂ ಹಳದಿಯಾಗಿತ್ತು. ನೆಕ್‌ನ ಕೋನ ಕೂದಲಷ್ಟು ಬದಲಿಸಲು ಹೀಗೆ ತೇಪೆ ಇಡುವುದು ಸರಿಯಾದ ಪದ್ಧತಿಯೇ. ಫ್ಯಾಕ್ಟರಿಯವರೂ ಇಡುತ್ತಾರೆ. ನಾನು ಬುದ್ಧಿವಂತ ಅಂತ ಅದನ್ನು ತೆಗೆದು ಹಿತ್ತಾಳೆಯ ತಗಡು ಇಟ್ಟೆ, ತಂತಿ ಬಜ್ ಅನ್ನತೊಡಗಿತು. ಅರ್ಧ ದಿನ ಹೆಣಗಾಡಿ ಕೊನೆಗೆ ಲಗ್ನಪತ್ರಿಕೆಯನ್ನೇ ವಾಪಸ್ ಇಟ್ಟೆ. ಆ ಗಿಟಾರಿನಲ್ಲಿ ಅದು ಇವತ್ತಿಗೂ ಇದೆ.

ಬೆಲೆಗೆ ಬರೋಣ. 28,000 ಜಾಸ್ತಿ. ಆ ದುಡ್ಡಿಗೆ ಅಂಗಡಿಯಲ್ಲಿ ವಾರಂಟಿ ಸಮೇತ ಹೊಸ ಗಿಟಾರ್ ಬರುತ್ತದೆ. ನಿಮಗೆ ಸಿಗುತ್ತಿರುವುದು ಹೆಸರಿಲ್ಲದ, ಬಣ್ಣ ಬಳಿದ, ಒಂದು ಪಿಕಪ್ ಸತ್ತ ಗಿಟಾರ್. ನೆಕ್ ನೆಟ್ಟಗಿದ್ದು ರಾಡ್ ತಿರುಗುತ್ತಿದ್ದರೆ ನಾನಾದರೆ ಹನ್ನೆರಡು, ತಪ್ಪಿದರೆ ಹದಿನೈದು ಸಾವಿರ ಕೊಡುತ್ತೇನೆ. ರಾಡ್ ಇಲ್ಲದಿದ್ದರೆ ಐದು ಸಾವಿರ. ಆದರೆ ಚೌಕಾಸಿ ಮಾಡುವಾಗ ಅದು ಅವರ ತಂದೆಯ ವಾದ್ಯ ಅನ್ನುವುದು ನೆನಪಿರಲಿ. 'ಇದರಲ್ಲಿ ಏನೂ ಇಲ್ಲ' ಅಂತ ಮಾತು ಶುರುಮಾಡಬೇಡಿ. ರಿಪೇರಿಯ ಲೆಕ್ಕ ಕಾಗದದ ಮೇಲೆ ಬರೆದು ತೋರಿಸಿ. ಅವರ ತಂದೆ ಹಿಡಿಯುತ್ತಿದ್ದ ಸ್ಟೀಲ್ ಬಾರ್ ಮನೆಯಲ್ಲಿ ಎಲ್ಲಾದರೂ ಇದೆಯಾ ಅಂತಲೂ ಕೇಳಿ. ಅಡುಗೆಮನೆಯಲ್ಲಿ ಶುಂಠಿ ಜಜ್ಜಲು ಬಳಸುತ್ತಿದ್ದರೂ ಆಶ್ಚರ್ಯವಿಲ್ಲ.

ತಂದಿರಿ ಅಂತಿಟ್ಟುಕೊಳ್ಳಿ. ಮೊದಲ ಎರಡು ವಾರ ನೆಕ್‌ಗೆ ಏನೂ ಮಾಡಬೇಡಿ. ಬಾಗಲಕೋಟೆಯ ಒಣ ಹವೆಯಲ್ಲಿದ್ದ ಮರ ಅದು. ಬೆಳಗಾವಿಯ ಹವೆ ಬೇರೆ, ಮಳೆಗಾಲದಲ್ಲಂತೂ ಕೇಳಲೇಬೇಡಿ. ಒಗೆದ ಬಟ್ಟೆ ಮೂರು ದಿನವಾದರೂ ಒಣಗದ ಊರಿನಲ್ಲಿ ಮರ ನೀರು ಕುಡಿಯದೇ ಇರುತ್ತದಾ? ಕುಡಿದು ಉಬ್ಬುತ್ತದೆ, ನೆಕ್ ಅಲುಗಾಡುತ್ತದೆ. ಬಂದ ದಿನವೇ ರಾಡ್ ತಿರುಗಿಸಿ ಸರಿಮಾಡಿದ್ದು ಹದಿನೈದು ದಿನಕ್ಕೆ ಮತ್ತೆ ತಪ್ಪಾಗುತ್ತದೆ. ಹಗುರ ತಂತಿ ಹಾಕಿ, ಶ್ರುತಿಗೆ ಏರಿಸಿ, ಗೋಡೆಗೆ ತಾಗದ ಹಾಗೆ ಒಂದು ಕಡೆ ಇಟ್ಟುಬಿಡಿ. ಆಮೇಲೆ ರಾಡ್ ತಿರುಗಿಸುವಾಗಲೂ ಒಮ್ಮೆಗೆ ಕಾಲು ಸುತ್ತು, ಆಮೇಲೆ ಒಂದು ರಾತ್ರಿ ವಿರಾಮ. ಬಿಗಿಯಾಗಿ ನಿಂತುಬಿಟ್ಟರೆ ಬಲ ಹಾಕಬೇಡಿ. ಒಳಗೆ ಸರಳು ಮುರಿದರೆ ಫ್ರೆಟ್ ಕೂರಿಸಿದ ಮೇಲಿನ ಹಲಗೆಯನ್ನೇ, ಅಂದರೆ ಫಿಂಗರ್‌ಬೋರ್ಡನ್ನೇ, ಕಿತ್ತು ತೆಗೆಯಬೇಕಾಗುತ್ತದೆ.

ಈ ಎರಡು ವಾರದಲ್ಲಿ ಕರೆಂಟಿನ ಕೆಲಸ ಮುಗಿಸಬಹುದು. ಒಂದು ಮಲ್ಟಿಮೀಟರ್ ಸಾಕು. ಗಿಟಾರಿಗೆ ಕೇಬಲ್ ಚುಚ್ಚಿ, ವಾಲ್ಯೂಮ್ ಪೂರ್ತಿ ಇಟ್ಟು, ಕೇಬಲ್‌ನ ಇನ್ನೊಂದು ತುದಿಯ ಪಿನ್ನಿನ ಮೂತಿಗೂ ಕೊಳವೆಗೂ ಮೀಟರ್ ಹಿಡಿಯಿರಿ. ಸ್ವಿಚ್ ಒಂದೊಂದೇ ಪಿಕಪ್‌ಗೆ ಹಾಕಿ. ಜೀವಂತ ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯ ಪಿಕಪ್ ಸಾಮಾನ್ಯವಾಗಿ 4ರಿಂದ 8 ಕಿಲೋ ಓಮ್ ತೋರಿಸುತ್ತದೆ. ಸೊನ್ನೆ ಬಂದರೆ ಎಲ್ಲೋ ಶಾರ್ಟ್. ವಾಲ್ಯೂಮ್ ಪಾಟ್ ಒಂದರದ್ದೇ ಅಳತೆ, ಅಂದರೆ 250 ಅಥವಾ 500 ಕಿಲೋ ಓಮ್ ಹತ್ತಿರ ಬಂದರೆ ಪಿಕಪ್ ಹರಿದಿದೆ, ಇಲ್ಲವೇ ಅದರ ವೈರ್ ಬಿಟ್ಟಿದೆ. ಇದರಲ್ಲಿ ಹತ್ತಕ್ಕೆ ಐದು ಸಲ ಪಿಕಪ್ ಸತ್ತಿರುವುದೇ ಇಲ್ಲ, ಸ್ವಿಚ್ಚಿನ ಕಿಲುಬು ಅಥವಾ ಬಿಟ್ಟುಹೋದ ಬೆಸುಗೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಸ್ವಿಚ್ಚನ್ನೂ ಪಾಟನ್ನೂ ಇಪ್ಪತ್ತು ಸಲ ಆಡಿಸಿ, ಆಮೇಲೆ ತೀರ್ಮಾನ ಮಾಡಿ.

ನಿಜಕ್ಕೂ ಕಾಯಿಲ್ ಹರಿದಿದ್ದರೆ ಹೊರಗಿನ ತುದಿ ನೋಡಿ. ತಂತಿ ಹರಿಯುವುದು ಹೆಚ್ಚಾಗಿ ವೈರಿಗೆ ಬೆಸೆದ ಜಾಗದಲ್ಲೇ. ಒಂದು ಸುತ್ತು ಬಿಚ್ಚಿ ಮತ್ತೆ ಬೆಸೆದರೆ ಬದುಕಿಕೊಳ್ಳುತ್ತದೆ. ಒಳಗೆ ಹರಿದಿದ್ದರೆ ಪೂರ್ತಿ ಸುತ್ತಿಸಬೇಕು. ನಮ್ಮ ಕಡೆ ಬೋರ್‌ವೆಲ್ ಮೋಟಾರ್ ಸುತ್ತುವವರು ಊರಿಗೊಬ್ಬರು ಇದ್ದಾರೆ, ಅವರ ಕೈಗೆ ಇದನ್ನು ಕೊಡಬೇಡಿ. ಕೈ ಒಳ್ಳೆಯದೇ ಇರುತ್ತದೆ, ಆದರೆ ಅವರ ತಂತಿಗೂ ಇದಕ್ಕೂ ಹಗ್ಗಕ್ಕೂ ಕೂದಲಿಗೂ ಇರುವ ವ್ಯತ್ಯಾಸ. ಪಿಕಪ್ ತಂತಿ ಅಮೆರಿಕದ ಲೆಕ್ಕದಲ್ಲಿ 42 ಗೇಜ್, ದಪ್ಪ 0.063 ಮಿಲಿಮೀಟರ್. ಫೆಂಡರ್ ಥರದ ಒಂದು ಪಿಕಪ್‌ಗೆ ಸುಮಾರು 8,000 ಸುತ್ತು. ಇಲ್ಲೊಂದು ಎಚ್ಚರ. ನಮ್ಮ ಅಂಗಡಿಗಳಲ್ಲಿ ತಾಮ್ರದ ತಂತಿ ಮಾರುವುದು ಎಸ್‌ಡಬ್ಲ್ಯೂಜಿ ಅನ್ನುವ ಬ್ರಿಟಿಷ್ ಲೆಕ್ಕದಲ್ಲಿ. ಅದರಲ್ಲಿ 42 ಅಂತ ಕೇಳಿದರೆ ದಪ್ಪ ತಂತಿ ಕೊಡುತ್ತಾರೆ, ಅಷ್ಟು ಸುತ್ತು ಹಿಡಿಸುವುದೇ ಇಲ್ಲ. 46 ಎಸ್‌ಡಬ್ಲ್ಯೂಜಿ ಅಂತ ಕೇಳಿ, ಅದು 0.061 ಮಿಲಿಮೀಟರ್, ಸರಿಯಾಗಿ ಕೂರುತ್ತದೆ.

ಗುಂಯ್ ಅನ್ನುವ ಸದ್ದಿಗೆ ಒಂದು ಸುಲಭ ಪರೀಕ್ಷೆ ಇದೆ. ತಂತಿ ಮುಟ್ಟಿ. ಮುಟ್ಟಿದಾಗ ಸದ್ದು ಕಡಿಮೆಯಾದರೆ ಗಿಟಾರಿನ ಅರ್ಥ್ ಸರಿ ಇದೆ. ಉಳಿದ ಗುಂಯ್ ಸಿಂಗಲ್ ಕಾಯಿಲ್‌ನ ಹುಟ್ಟುಗುಣ. ಟ್ಯೂಬ್‌ಲೈಟ್, ಇನ್ವರ್ಟರ್, ಫ್ಯಾನ್ ರೆಗ್ಯುಲೇಟರ್ ಹತ್ತಿರ ಇದ್ದರೆ ಇನ್ನೂ ಜಾಸ್ತಿ. ಮುಟ್ಟಿದರೂ ಏನೂ ಬದಲಾಗದಿದ್ದರೆ ತಂತಿಗಳ ಕೆಳತುದಿ ಕೂರುವ ಬ್ರಿಡ್ಜ್ ಕೆಳಗಿನ ಅರ್ಥ್ ವೈರ್ ಬಿಟ್ಟಿದೆ, ಒಂದು ಬೆಸುಗೆಯ ಕೆಲಸ. ಆದರೆ ಮುಟ್ಟಿದಾಗ ಕೈ ಜುಮ್ ಅಂದರೆ ತಕ್ಷಣ ಪ್ಲಗ್ ಕೀಳಿ. ಆ ರೋಗ ಗಿಟಾರಿನದ್ದಲ್ಲ, ಆಂಪ್‌ನದ್ದು ಅಥವಾ ಗೋಡೆಯ ಸಾಕೆಟ್‌ನದ್ದು. ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೂರನೇ ತೂತಿನ ಹಿಂದೆ ವೈರೇ ಇರುವುದಿಲ್ಲ. ಗಣಪತಿ ಮಂಟಪದ ಕರೆಂಟ್ ಬಗ್ಗೆ ಹೇಳಲೇಬೇಕಾಗಿಲ್ಲ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವಿ ಅನ್ನುವ ಗಿಟಾರಿಸ್ಟ್ ಅರ್ಥ್ ಇಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೇ ಸತ್ತುಹೋದ. ನಮ್ಮ ಹುಡುಗರೂ ದಿನಾ ಒಂದು ಕೈ ತಂತಿಯ ಮೇಲೆ, ಬಾಯಿ ಮೈಕಿಗೆ ಹತ್ತಿರ ಇಟ್ಟೇ ನಿಲ್ಲುತ್ತಾರೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ, ಪಿಕಪ್‌ಗಿಂತ ಮೊದಲು. ಗಿಟಾರಿನ ಜೊತೆ ಹಳೇ ವಾಲ್ವ್ ಆಂಪ್ ಏನಾದರೂ ಕೊಟ್ಟರೆ ಸಾಕೆಟ್‌ಗೆ ಹಾಕಲೇಬೇಡಿ. ಜಪಾನಿನದ್ದಾದರೆ 100 ವೋಲ್ಟಿನದ್ದಿರಬಹುದು, ನಮ್ಮದು 230. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಹೊಡೆಯುತ್ತದೆ. ವಾಲ್ವ್ ರೇಡಿಯೋ ಬಲ್ಲ ಹಿರಿಯ ಮೆಕ್ಯಾನಿಕ್ ಯಾರಾದರೂ ಇದ್ದರೆ ಅವರಿಗೆ ಕೊಡಿ.

ವ್ಯಾಮಿ ಕಡ್ಡಿಯ ವಿಷಯದಲ್ಲಿ ಬೆಳಗಾವಿಯವರು ಅದೃಷ್ಟವಂತರು. ಬೇರೆ ಊರಿನವರು ಈ ಬಿಡಿಭಾಗಕ್ಕೆ ವಿದೇಶದಿಂದ ತರಿಸಿಕೊಳ್ಳುತ್ತಾ ಕೂರುತ್ತಾರೆ. ನಮಗೆ ಉದ್ಯಮಬಾಗದ ಕೈಗಾರಿಕಾ ಪ್ರದೇಶ ಇದೆ. ಪಂಪಿನ ಶಾಫ್ಟ್ ತಿರುವುವ ಟರ್ನರ್‌ಗೆ ಆರು ಇಂಚಿನ ಒಂದು ಕಡ್ಡಿ ಯಾವ ಲೆಕ್ಕ? ಸುಮ್ನೆ 'ಗಿಟಾರಿನ ಕಡ್ಡಿ ಬೇಕು' ಅನ್ನಬೇಡಿ, ಬ್ರಿಡ್ಜ್ ಬಿಚ್ಚಿ ಕೈಯಲ್ಲಿ ಒಯ್ಯಿರಿ. ತೂತಿನ ಥ್ರೆಡ್ ಅಳೆಯದೆ ಕೆಲಸ ಮಾಡಿಸಬೇಡಿ. ಜಪಾನಿನದ್ದಾದರೆ ಮಿಲಿಮೀಟರ್ ಥ್ರೆಡ್, ಅಮೆರಿಕದ್ದಾದರೆ ಇಂಚಿನದ್ದು. ನೋಡಲಿಕ್ಕೆ ಎರಡೂ ಒಂದೇ. ಎರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿಯುತ್ತದೆ, ಬಲ ಹಾಕಿದರೆ ಹಳೇ ಬ್ರಿಡ್ಜಿನ ಥ್ರೆಡ್ ಹಾಳು. ಅಂದಹಾಗೆ, ಇದೇ ಥ್ರೆಡ್ ನಿಮ್ಮ ಗಿಟಾರ್ ಯಾವ ದೇಶದ್ದು ಅನ್ನುವುದಕ್ಕೂ ಒಂದು ಸಾಕ್ಷಿ. ಟ್ಯೂನಿಂಗ್ ಕೀ ಮಾತ್ರ ಮಾಡಿಸಲು ಹೋಗಬೇಡಿ, ಹೊಸ ಸೆಟ್ ಕೊಳ್ಳಿ. ಹಳೇ ಐದನ್ನು ಡಬ್ಬಿಯಲ್ಲಿ ಹಾಕಿ ಗಿಟಾರಿನ ಜೊತೆಗೇ ಇಡಿ.

ನಟ್ ಸವೆದಿದ್ದರೆ ಎಮ್ಮೆ ಎಲುಬಿನಿಂದ ಹೊಸದು ಕೆತ್ತಿಸಬೇಕು. ಇದಕ್ಕೆ ನಾನು ಜನರನ್ನು ಮಿರಜಿಗೆ ಕಳಿಸುತ್ತೇನೆ. ಬೆಳಗಾವಿಯಿಂದ ನೇರ ರೈಲಿದೆ. ಅಲ್ಲಿ ತಲೆತಲಾಂತರದಿಂದ ಸಿತಾರ್, ತಂಬೂರಿ ಮಾಡುವ ಮನೆತನಗಳಿವೆ. 2024ರಲ್ಲಿ ಅವರ ಸಿತಾರ್ ಮತ್ತು ತಂಬೂರಿಗೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಎಲುಬು ಉಜ್ಜುವ ಕೈ ಅಂದರೆ ಅವರದ್ದು. ಆದರೆ ಒಂದು ಮಾತು ಮೊದಲೇ ಹೇಳಿ, 'ಜವಾರಿ ಬೇಡ.' ತಂಬೂರಿಯ ಘೋಡಿಯನ್ನು, ಅಂದರೆ ಅದರ ಬ್ರಿಡ್ಜನ್ನು, ಅವರು ಬೇಕೆಂತಲೇ ಸ್ವಲ್ಪ ಕಮಾನಾಗಿ ಉಜ್ಜುತ್ತಾರೆ. ತಂತಿ ಅದರ ಮೈಗೆ ಸವರಿಕೊಂಡೇ ಅಲುಗಾಡಬೇಕು, ಆಗಲೇ ಆ ಝೇಂಕಾರ. ಗಿಟಾರಿನಲ್ಲಿ ಅದೇ ಝೇಂಕಾರಕ್ಕೆ ನಾವು ಬಜ್ ಅಂತ ಬೈಯುತ್ತೇವೆ. ಗಿಟಾರಿನ ನಟ್‌ನಲ್ಲಿ ತಂತಿ ಫಿಂಗರ್‌ಬೋರ್ಡ್ ಕಡೆಯ ಅಂಚಿನಲ್ಲಿ ಮಾತ್ರ ಕೂರಬೇಕು, ತಂತಿಗೆ ಕೊರೆದ ಗೀರು ಹಿಂದಕ್ಕೆ ಇಳಿಜಾರಾಗಿರಬೇಕು. ಆಳ ಸರಿಯಿದೆಯಾ ಅಂತ ನೋಡಲು ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿ. ಮೊದಲ ಫ್ರೆಟ್ ಮೇಲೆ ಒಂದು ಹಾಳೆ ತೂರುವಷ್ಟು ಸಂದು ಉಳಿಯಬೇಕು.

ಸಿತಾರಿನಲ್ಲಿ ಸ್ವರ ತಪ್ಪಿದರೆ ಪರದೆಯನ್ನೇ ಸರಿಸಬಹುದು, ದಾರದಲ್ಲಿ ಕಟ್ಟಿರುತ್ತಾರೆ. ಗಿಟಾರಿನ ಫ್ರೆಟ್ ಬಡಿದು ಕೂರಿಸಿದ್ದು, ಅಲ್ಲಾಡುವುದಿಲ್ಲ. ಹಾಗಾಗಿ ಬ್ರಿಡ್ಜ್ ಕಡೆ ತಂತಿ ಕೂರುವ ಸಣ್ಣ ತುಂಡನ್ನು, ಅಂದರೆ ಸ್ಯಾಡಲ್ ಅನ್ನು ಸರಿಸುತ್ತೇವೆ. ನಟ್‌ನಿಂದ ಹನ್ನೆರಡನೇ ಫ್ರೆಟ್‌ಗೆ ಅಳೆದು ಎರಡರಷ್ಟು ಮಾಡಿ. 648 ಮಿಲಿಮೀಟರ್ ಬಂದರೆ ಫೆಂಡರ್ ಅಳತೆ, 628ರ ಆಸುಪಾಸು ಬಂದರೆ ಗಿಬ್ಸನ್ ಅಳತೆ. ಸ್ಯಾಡಲ್‌ಗಳು ಆ ದೂರಕ್ಕಿಂತ ತುಸು ಹಿಂದೆ ಇರಬೇಕು. ಹನ್ನೆರಡನೇ ಫ್ರೆಟ್‌ನ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಬರೀ ಮುಟ್ಟಿ ಮೀಟಿದ ಸ್ವರ), ಅದೇ ಫ್ರೆಟ್ ಒತ್ತಿದ ಸ್ವರ, ಎರಡೂ ಒಂದೇ ಬರುವ ತನಕ ಸರಿಸಿ. ಒತ್ತಿದ್ದು ಮೇಲೆ ಹೋದರೆ ಸ್ಯಾಡಲ್ ಹಿಂದಕ್ಕೆ, ಕೆಳಗೆ ಬಂದರೆ ಮುಂದಕ್ಕೆ.

ಕೊನೆಗೆ ಬಣ್ಣ. 'ಹೊಸದರ ಹಾಗೆ ಮಾಡುವುದು ಹೇಗೆ' ಅಂತ ಕೇಳಿದ್ದೀರಿ. ಮಾಡಬೇಡಿ ಅನ್ನುವುದೇ ನನ್ನ ಉತ್ತರ. ಬಿಸಿ ರಕ್ತದ ಕಾಲದಲ್ಲಿ ನಾನೂ ಮಾಡಿದ್ದೇನೆ. ಬೆಳಗಾವಿ ಕ್ಯಾಂಪ್ ಬಡಾವಣೆಯ ಒಬ್ಬರ ಹಳೇ ಗಿಟಾರ್ ಒಂದನ್ನು ಹೊಳಪು ಮಾಡುತ್ತೇನೆ ಅಂತ ತಂದು, ತಲೆಯ ಮೇಲಿನ ಕೊಳೆಗೆ ಥಿನ್ನರ್ ಒರೆಸಿದೆ. ಬಟ್ಟೆ ಹಳದಿಯಾಯಿತು. ಕೊಳೆ ಬರ್ತಾ ಇದೆ ಅಂತ ಇನ್ನೂ ಜೋರಾಗಿ ಒರೆಸಿದೆ. ಬಂದದ್ದು ಕೊಳೆಯಲ್ಲ, ಗಿಟಾರಿನ ಮೂಲ ವಾರ್ನಿಷ್, ನೈಟ್ರೋ ಲ್ಯಾಕರ್. ಅದರ ಹಿಂದೆಯೇ ಬಂಗಾರದ ಅಕ್ಷರದ ಕಂಪನಿ ಹೆಸರೂ ಬಟ್ಟೆಗೆ ಬಂತು. ಮೊದಲಕ್ಷರ ಉಲ್ಟಾ ಆಗಿ ಬಟ್ಟೆಯ ಮೇಲೆ ಮೂಡಿತ್ತು. ಹೆಸರಿಲ್ಲದ ಗಿಟಾರ್‌ಗಳೆಲ್ಲ ಹುಟ್ಟಿನಿಂದಲೇ ಹೆಸರಿಲ್ಲದವಲ್ಲ, ನನ್ನಂಥವರ ಕೈಗೆ ಸಿಕ್ಕಿದವೂ ಇವೆ.

ನಿಮ್ಮದರ ಆಯಿಲ್ ಪೇಂಟ್ ಕೆಳಗೆ ಏನಿದೆ ಅಂತ ಮೊದಲು ನೋಡಿ. ಬಾಡಿಯ ಮೇಲಿನ ಪ್ಲಾಸ್ಟಿಕ್ ಹಾಳೆ, ಅಂದರೆ ಪಿಕ್‌ಗಾರ್ಡ್ ಬಿಚ್ಚಿದರೆ ಅದರ ಕೆಳಗೆ ಕುಂಚ ಹೋಗಿರುವುದಿಲ್ಲ, ಮೂಲ ಬಣ್ಣ ಅಲ್ಲೇ ಸಿಗುತ್ತದೆ. ಅಲ್ಲೇ ಕಾಣದ ಮೂಲೆಯಲ್ಲಿ ಒಂದು ಹನಿ ಅಸಿಟೋನ್, ಅಂದರೆ ಉಗುರು ಬಣ್ಣ ತೆಗೆಯುವ ದ್ರವ, ಹತ್ತಿಯ ಕಡ್ಡಿಯಲ್ಲಿ ಮುಟ್ಟಿಸಿ. ಜಿಗುಟಾದರೆ ಕೆಳಗಿರುವುದು ನೈಟ್ರೋ. ಹಾಗಿದ್ದರೆ ಯಾವ ಪೇಂಟ್ ರಿಮೂವರೂ ಬೇಡ, ಎರಡನ್ನೂ ಒಟ್ಟಿಗೆ ತಿಂದುಹಾಕುತ್ತದೆ. ಅಸಿಟೋನಿಗೆ ಜಗ್ಗದಿದ್ದರೆ ಕೆಳಗಿರುವುದು ಗಟ್ಟಿ ಪಾಲಿ, ಪ್ಲಾಸ್ಟಿಕ್ಕಿನಂಥ ಲೇಪ. ಆಗ ಬ್ಲೇಡನ್ನು ನೇರವಾಗಿ ಹಿಡಿದು, ಒಂದು ಅಂಗೈಯಷ್ಟು ಜಾಗದಲ್ಲಿ, ಕೆಂಪನ್ನು ಪುಡಿಪುಡಿಯಾಗಿ ಕೆರೆದು ನೋಡಬಹುದು. ತಾಳ್ಮೆ ಇದ್ದರೆ ಮುಂದುವರಿಸಿ. ಇಲ್ಲದಿದ್ದರೆ ಕೆಂಪೇ ಇರಲಿ. ಬಳಿದವರು ಬಹುಶಃ ಸ್ಟೇಜಿನ ಲೈಟಿಗೆ ಹೊಳೆಯಲಿ ಅಂತ ಬಳಿದದ್ದು, ಅದೂ ಆ ಗಿಟಾರಿನ ಕಥೆಯೇ ಅಲ್ವಾ? ಮೂಲ ಬಣ್ಣ ಉಳಿಸಿ ಬೆಲೆ ಕಾಪಾಡುವ ಚಿಂತೆಯಂತೂ ನಿಮಗಿಲ್ಲ, ಆ ಬೆಲೆ ಯಾವತ್ತೋ ಹೋಗಿದೆ.

ಫಿಂಗರ್‌ಬೋರ್ಡ್ ರೋಸ್‌ವುಡ್ ಆದರೆ ಒಣಗಿ ಬೆಳ್ಳಗಾಗಿರುತ್ತದೆ. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಮನೆಯಲ್ಲಿ ಎಲ್ಲರೂ ಅದನ್ನೇ ಹೇಳುತ್ತಾರೆ. ಸ್ವಲ್ಪ ದಿನಕ್ಕೆ ಕಮಟು ವಾಸನೆ ಬರುತ್ತದೆ, ಧೂಳು ಹಿಡಿದು ಅಂಟಾಗುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಲಿಕ್ವಿಡ್ ಪ್ಯಾರಾಫಿನ್ ಸಿಗುತ್ತದೆ. ನಾಲ್ಕು ಹನಿ ಬಟ್ಟೆಗೆ ಹಾಕಿ ಸವರಿ, ಹತ್ತು ನಿಮಿಷ ಬಿಟ್ಟು ಒರೆಸಿಬಿಡಿ. ಫ್ರೆಟ್‌ಗೆ ಸ್ಟೀಲ್ ವುಲ್ ಉಜ್ಜುವುದಾದರೆ ಪಿಕಪ್ ಮೇಲೆ ಮೊದಲು ಟೇಪ್ ಅಂಟಿಸಿ. ಕಬ್ಬಿಣದ ಪುಡಿ ಆಯಸ್ಕಾಂತಕ್ಕೆ ಒಮ್ಮೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ.

ನವನಗರಕ್ಕೆ ಹೋಗುವಾಗ ಎರಡು ಸ್ಟೀಲ್ ಸ್ಕೇಲ್, ಟಾರ್ಚ್, ಮಲ್ಟಿಮೀಟರ್, ಒಂದು ಕೇಬಲ್, ಸ್ಕ್ರೂಡ್ರೈವರ್ ಒಯ್ಯಿರಿ. ನಟ್ ಮೇಲೆ ಆ ಲೋಹದ ಪಟ್ಟಿ ಇದ್ದರೆ ತೆಗೆದ ಮೇಲೆ ಅದನ್ನೂ ಕೇಳಿ ತಗೊಳ್ಳಿ. ಎಂದಾದರೂ ಬಾರ್ ಹಿಡಿದು ನುಡಿಸಿ ನೋಡಬೇಕು ಅಂತ ನಿಮಗೇ ಅನ್ನಿಸಬಹುದು, ಆಗ ಅಂಥ ಪಟ್ಟಿ ಹುಡುಕಲು ಎಲ್ಲಿಗೆ ಹೋಗುತ್ತೀರಿ?